ಇಪ್ಪತ್ತೆರಡು ಮೈಲೇಜ್ ಅಂದಿದ್ರಲ್ಲ?

ಕಡೂರಿನ ಕಾರ್ ಶೋರೂಮಿನ ಸರ್ವೀಸ್ ಕೌಂಟರಿನಲ್ಲಿ ಕೂತ ನನಗೆ ದಿನ ಶುರುವಾಗುವುದೇ ಒಂದು ಪ್ರಶ್ನೆಯಿಂದ: "ಲೀಟರಿಗೆ ಇಪ್ಪತ್ತೆರಡು ಅಂದಿದ್ರಲ್ಲ, ಹನ್ನೆರಡೇ ಬತ್ತಾ ಇರೋದು?" ಇಪ್ಪತ್ತೆರಡು ಅಂದವನು ನಾನಲ್ಲ, ಕಂಪನಿ. ಬೈಸಿಕೊಳ್ಳುವವನು ಮಾತ್ರ ನಾನು. ಈ ವರ್ಷ ಅದು ಬೈಗುಳಕ್ಕೇ ನಿಲ್ಲಲಿಲ್ಲ. ನನ್ನ ಹೆಸರು ಹಾಕಿ ಹೆಡ್ಡಾಫೀಸಿಗೆ ಎರಡು ದೂರು ಹೋದವು. ಮ್ಯಾನೇಜರ್ ಕರೆದು, "ಮೂರನೇದು ಹೋದರೆ ಈ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ" ಅಂದರು. ಮನೆಯಲ್ಲಿ ಹೇಳಲಿಲ್ಲ.

೧. ಎರಡನೇ ಗೇರು

ಮೊದಲ ದೂರು ಅಜ್ಜಂಪುರದ ನರ್ಸಮ್ಮನವರದು. ಅವರು ಓಡಿಸುವಾಗ ಪಕ್ಕದಲ್ಲಿ ಕೂತು ನೋಡಿದೆ. ಊರು ದಾಟಿ ನಾಲ್ಕು ಕಿಲೋಮೀಟರ್ ಬಂದರೂ ಗಾಡಿ ಎರಡನೇ ಗೇರಿನಲ್ಲೇ ಅರಚುತ್ತಿತ್ತು.

"ಮೂರಕ್ಕೆ ಹಾಕಿ ಮೇಡಮ್."

"ಮೂರಕ್ಕೆ ಹಾಕಿದ್ರೆ ಓಡುತ್ತೆ ಕಣ್ರೀ."

ಓಡಲಿ ಅಂತಲೇ ಕೊಂಡಿದ್ದು ಎಂದು ಬೇಡಿಕೊಂಡು ನಾಲ್ಕನೇ ಗೇರಿನವರೆಗೂ ಕಲಿಸಿದೆ. ವಾರ ಬಿಟ್ಟು ಬಂದರು. "ಮೈಲೇಜೇನೋ ಬಂತು, ಎದೆ ಡವಡವ ಅನ್ನುತ್ತೆ. ಅದೇ ಮೈಲೇಜು ಎರಡನೇ ಗೇರಲ್ಲೇ ಬರೋ ಹಂಗೆ ಮಾಡ್ಕೊಡಿ."

ಆಗಲ್ಲ ಅಂದೆ. ದೂರು ಹೋಯಿತು.

೨. ನಿಂತ ಗಾಡಿ

ಎರಡನೆಯವರು ಬೀರೂರಿನ ನಿವೃತ್ತ ರೈಲ್ವೆ ಗಾರ್ಡು. ಓಡಿಸುವುದರಲ್ಲಿ ಒಂದು ತಪ್ಪೂ ಸಿಗದೆ ನಾನೇ ಬೆವರಿದೆ. ಕೊನೆಗೆ, ಭಾನುವಾರ ಮದುವೆಗೆ ಹೋಗಿದ್ದೆ ಎಂದು ಅವರು ಅಂದಿದ್ದು ನೆನಪಾಗಿ, ಅಲ್ಲಿ ಗಾಡಿ ಎಲ್ಲಿತ್ತು ಎಂದು ಕೇಳಿದೆ.

"ಛತ್ರದ ಮುಂದೆ. ಗಾಡಿಯೊಳಗೆ ನಮ್ಮತ್ತೆ ಮಲಗಿದ್ರು, ಎಸಿ ಹಾಕಿದ್ದೆ. ಧಾರೆಯಿಂದ ಕೊನೇ ಪಂಕ್ತಿವರೆಗೆ."

"ಅಷ್ಟು ಹೊತ್ತೂ ಎಂಜಿನ್ ಓಡ್ತಾ ಇತ್ತಲ್ಲ ಸರ್."

"ಎಂಜಿನ್ ಓಡಿರಬಹುದು. ಗಾಡಿ ಒಂದಡಿ ಅಲ್ಲಾಡಿಲ್ಲ. ನಿಂತಿದ್ದಕ್ಕೆ ಪೆಟ್ರೋಲ್ ಯಾಕೆ ಕುಡೀತು ಅಂತ ಬರೆದು ಕೊಡಿ."

ನಾನು ಬರೆದು ಕೊಡಲಿಲ್ಲ. ಅವರೇ ಬರೆದರು.

೩. ಕಂಪನಿಯ ನೆಂಟರು

ಮೂರನೆಯವರು ತರೀಕೆರೆಯ ತೆಂಗಿನಕಾಯಿ ವ್ಯಾಪಾರಿ. ದೂರನ್ನು ಟೈಪ್ ಮಾಡಿಸಿ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದರು. "ನೀನೇ ಓಡಿಸಿ ತೋರ್ಸು ಕಣಪ್ಪಾ. ಮೈಲೇಜ್ ಬರ್ಲಿಲ್ಲ ಅಂದ್ರೆ ತರೀಕೆರೇಲಿ ಪೋಸ್ಟಿಗೆ ಹಾಕ್ತೀನಿ."

ಕಡೂರಿನ ಬಂಕಿನಲ್ಲಿ ಟ್ಯಾಂಕ್ ಬಾಯಿವರೆಗೆ ತುಂಬಿಸಿದೆವು. ತರೀಕೆರೆಯಲ್ಲಿ ಮತ್ತೆ ತುಂಬಿಸಿ, ಎಷ್ಟು ಖರ್ಚಾಯಿತೆಂದು ನೋಡುವುದು. ಎಸಿ ಹಾಕಲಿಲ್ಲ, ಗಾಜು ಇಳಿಸಲಿಲ್ಲ, ಐವತ್ತು ದಾಟಲಿಲ್ಲ. ಬ್ರೇಕ್ ಮುಟ್ಟಲೂ ಹೆದರಿಕೆ. ಬೀರೂರಿನಲ್ಲಿ ಒಬ್ಬರು ಕೈ ಅಡ್ಡ ಹಾಕಿದರು.

"ನಿಲ್ಸು, ನಮ್ಮ ಭಾವ."

ಭಾವನ ಜೊತೆ ಎರಡು ಚೀಲ ಕಾಯಿ ಹತ್ತಿದವು. ಸ್ವಲ್ಪ ಮುಂದೆ ವ್ಯಾಪಾರಿಯ ಸೋದರತ್ತೆ, ಅತ್ತೆಯ ಸೊಸೆ, ಒಂದು ದೊಡ್ಡ ಹಲಸಿನಹಣ್ಣು. ಅತ್ತೆಗೆ ಸೆಕೆಯಾಗಿ ಎಸಿ ಹಾಕಿಸಿದರು. ನನ್ನ ಕೆಲಸ ಕಣ್ಣೆದುರೇ ಹೋಗುತ್ತಿತ್ತು.

"ಯಜಮಾನ್ರೇ, ಕಂಪನೀಲಿ ಗಾಡೀನ ರೂಮಿನೊಳಗೆ ರೋಲರ್ ಮೇಲೆ ಓಡಿಸಿ ಮೈಲೇಜ್ ನೋಡೋದು. ಎಸಿ ಇರಲ್ಲ, ಹೊರೆ ಇರಲ್ಲ, ಡ್ರೈವರ್ ಒಬ್ಬನೇ."

"ಯಾಕೆ, ಕಂಪನಿಯೋರಿಗೆ ನೆಂಟರಿಲ್ವಾ?" ಅಂದರು ಹಿಂದಿನಿಂದ ಅತ್ತೆ.

ತರೀಕೆರೆಯಲ್ಲಿ ತುಂಬಿಸಿ ನೋಡಿದರೆ ಲೀಟರಿಗೆ ಹನ್ನೊಂದು. ನನಗೆ ಸಿಟ್ಟೇ ಬಂತು. "ಹಾಕಿ ಕಾಗದ. ಒಬ್ಬರೇ ಓಡಾಡಿ, ಯಾರನ್ನೂ ಹತ್ತಿಸಬೇಡಿ ಅಂತ ಉತ್ತರ ಬರುತ್ತೆ" ಅಂದೆ.

ವ್ಯಾಪಾರಿ ಒಮ್ಮೆ ಹಿಂದಿನ ಸೀಟಿನ ಕಡೆ ನೋಡಿದರು. ನನ್ನನ್ನು ಗಾಳಿ ಹಾಕುವ ಮೆಷಿನ್ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದರು: "ಹಂಗಂತ ಲೆಟರ್‌ಹೆಡ್ಡಲ್ಲಿ ಬರ್ಕೊಡ್ತೀಯಾ? ಸೀಲ್ ಹಾಕಿ?"

ಮಾರನೇ ದಿನವೇ ಕೊಟ್ಟೆ. ಅವರು ದೂರನ್ನು ಹರಿದು ಹಾಕಿದರು.

ಹದಿನೈದು ದಿನಕ್ಕೆ ಹೆಡ್ಡಾಫೀಸಿನಿಂದ ಮ್ಯಾನೇಜರ್ ಮೇಜಿಗೆ ಮೂರನೇ ದೂರು ಬಂತು. ಬರೆದವರು ಭಾವ. ನೆಂಟರನ್ನು ಹತ್ತಿಸಬಾರದೆಂದು ಸೀಲ್ ಹಾಕಿ ಕೊಟ್ಟವನ ಮೇಲೆ ಕ್ರಮ ಆಗಬೇಕಂತೆ. ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಎರಡು ಸಲ ಓದಿದರು.

"ಆ ಲೆಟರಿಂದು ಇನ್ನೊಂದು ಕಾಪಿ ಇದೆಯೇನ್ರೀ?" ಅಂದರು. "ನಂಗೂ ಒಬ್ಬರು ಭಾವ ಇದ್ದಾರೆ."