ತವರುಮನೆಯ ಗೋಡೆಯ ರುಚಿ

ಬಾಯಿಚಪಲದ ವಿಷಯದಲ್ಲಿ ನಾನು ಗಟ್ಟಿ ಹೆಂಗಸು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಮುಂದೆ ಮಿರ್ಚಿ ಬಜ್ಜಿ ಕರಿಯುವ ಹೊತ್ತಿಗೆ ಸರಿಯಾಗಿ ಅಲ್ಲಿಂದಲೇ ಹಾದು, ತಿರುಗಿಯೂ ನೋಡದೆ ಮನೆ ಸೇರಬಲ್ಲೆ. ನಾನು ಸೋಲುವುದು ಒಂದೇ ತಿನಿಸಿಗೆ, ಅದು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ಬಸಿರಾದಾಗ ನನಗೆ ಮುಶಿಗೇರಿಯ ನನ್ನ ತವರುಮನೆಯ ಗೋಡೆಯನ್ನು ತಿನ್ನಬೇಕೆನಿಸುತ್ತದೆ. ಮಣ್ಣಾದರೆ ಸಾಕು ಎನ್ನುವಷ್ಟು ಕೀಳು ನಾಲಿಗೆಯಲ್ಲ ನನ್ನದು. ಅಡುಗೆಮನೆಯ ಬಾಗಿಲ ಹಿಂದೆ, ನೀರಿನ ಕೊಡ ಇಡುವ ಮೂಲೆಯಲ್ಲಿ, ಅವ್ವ ಮಣ್ಣು ಸಗಣಿ ಕಲಸಿ ಸಾರಿಸುವ, ಸದಾ ತುಸು ತೇವವಾಗಿರುವ ಆ ಗೋಡೆಯೇ ಆಗಬೇಕು.

ನಾವಿರುವ ಬಾಡಿಗೆ ಮನೆಯಲ್ಲಿ ನೆಲಕ್ಕೆ ಫರಸಿ, ಗೋಡೆಗೆ ಎಣ್ಣೆ ಬಣ್ಣ. ನಮ್ಮನೆಯವರು ಸಿಮೆಂಟು, ಬಣ್ಣ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವರು. ಎಲ್ಲಿ ಒಂದು ಬಿರುಕು ಕಂಡರೂ ಸಂಜೆಯೊಳಗೆ ಮುಚ್ಚಿಬಿಡುತ್ತಾರೆ. ಈ ಎರಡನೆಯ ಬಸಿರಿನಲ್ಲಿ ಮಧ್ಯಾಹ್ನ ಸುಮ್ಮನೆ ಅಡ್ಡಾದರೆ ಸಾಕು, ಆ ಮೂಲೆಯ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ಅವ್ವ ರೊಟ್ಟಿ ಬಡಿಯುವ ಸಪ್ಪಳ. ಊರೇನು ದೂರವಲ್ಲ, ಆದರೆ ಬಸ್ಸಿನ ಕುಲುಕಾಟ ಬೇಡವೆಂದು ನಮ್ಮನೆಯವರ ಆಜ್ಞೆ. ಹೆರಿಗೆಗೆ ಹೇಗೂ ಅವ್ವನ ಮನೆಗೇ ಹೋಗುವುದಲ್ಲ, ಅಲ್ಲಿಯವರೆಗೆ ತಡೆದುಕೋ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅವ್ವನೇ ಬಯಕೆ ಬುತ್ತಿ ಕಟ್ಟಿಕೊಂಡು ಬಂದಳು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕರಿಗಡಬು ಎಲ್ಲ ತೆಗೆದಿಟ್ಟ ಮೇಲೆ, ಅತ್ತಿತ್ತ ನೋಡಿ, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟೊಂದನ್ನು ನನ್ನ ಉಡಿಗೆ ಹಾಕಿದಳು. ಬಿಚ್ಚಿದರೆ ಬಾಗಿಲ ಹಿಂದಿನ ಗೋಡೆ! ಮೊದಲ ಬಸಿರಿನಲ್ಲೇ ನನ್ನ ಕಳ್ಳತನ ಕಂಡಿದ್ದವಳು, ಕಳೆ ತೆಗೆಯುವ ಕುರ್ಚಿಗೆಯಿಂದ ಕೆತ್ತಿ ತಂದಿದ್ದಳು.

“ಲಗೂನ ಒಳಗ ಇಡ. ಅಳ್ಯಾರಿಗೆ ಹೇಳಬ್ಯಾಡ. ಬಸರಿ ಬಯಕಿ ಇಟಕೋಬಾರದವಾ. ನೀ ಹೊಟ್ಟ್ಯಾಗಿದ್ದಾಗ ನಾನೂ ಇದ ಗ್ವಾಡಿ ತಿಂದೀನಿ.”

ಉಳಿದ ತಾಯಂದಿರು ಮಗಳಿಗೆ ಸಿಹಿ ತರುತ್ತಾರೆ, ನನ್ನ ಅವ್ವ ಮನೆಯನ್ನೇ ಕೆತ್ತಿ ತಂದಿದ್ದಳು. ನನಗೆ ಕಣ್ಣಲ್ಲೂ ನೀರು ಬಂತು, ಬಾಯಲ್ಲೂ ಬಂತು.

ನನ್ನ ನಾಲ್ಕು ವರ್ಷದ ಮಗಳು ಸುಧಾ ಗುಟ್ಟನ್ನು ಬೇಗ ಪತ್ತೆ ಹಚ್ಚಿದಳು. “ನನಗೂ ಕೊಡು, ಇಲ್ಲಂದ್ರ ಅಪ್ಪಗ ಹೇಳ್ತೀನಿ” ಎಂದಳು. ಚೂರು ಕೊಟ್ಟು ಬಾಯಿ ಮುಚ್ಚಿಸಿದೆ. ಹೀಗೆ ತಾಯಿ ಮಗಳು ಸೇರಿ ಅಜ್ಜಿಯ ಮನೆಯನ್ನು ಮೂಲೆಯಿಂದ ತಿನ್ನತೊಡಗಿದೆವು. ಕೆಲವು ವಾರ ಕಳೆದವು. ಸುಧಾ ಹೊಟ್ಟೆ ಹಿಡಿದುಕೊಂಡು ಅಳುವುದು, ನಾನು ನೀರಿನ ಕೊಡ ಎತ್ತಿದರೆ ಏದುಸಿರು ಬಿಡುವುದು ಶುರುವಾಯಿತು. ಪಕ್ಕದ ಮನೆಯ ಫಾತಿಮಾ ಚಾಚಿ “ದೃಷ್ಟಿ ಆಗೇತಿ ತಗೀರ್ವಾ” ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಮೆಣಸಿನಕಾಯಿ ಚೆನ್ನಾಗಿಯೇ ಸಿಡಿದವು, ಹೊಟ್ಟೆನೋವು ಮಾತ್ರ ಇದ್ದಲ್ಲಿಯೇ ಇತ್ತು. ನಮ್ಮನೆಯವರು ಇಬ್ಬರನ್ನೂ ದವಾಖಾನೆಗೆ ಕರೆದೊಯ್ದರು.

ಡಾಕ್ಟರಮ್ಮ ಸುಧಾಳ ಹೊಟ್ಟೆ ಮುಟ್ಟಿ ನೋಡಿದರು. ಆಮೇಲೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು, “ಮಣ್ಣ ಗಿಣ್ಣ ತಿಂತೀರೇನವಾ?” ಎಂದರು.

“ಛೇ ಛೇ, ಇಲ್ರಿ” ಎಂದೆ.

“ತಿಂತಾಳ್ರಿ,” ಎಂದಳು ಸುಧಾ. “ಅಜ್ಜಿ ಮನಿ ಗ್ವಾಡಿ. ಭಾಳ ಚಲೋ ಇರ್ತೈತ್ರಿ.”

ನಮ್ಮನೆಯವರು ನನ್ನನ್ನು ನೋಡಿದರು. ನಾನು ಸೀಲಿಂಗ್ ಫ್ಯಾನು ನೋಡಿದೆ. ಪರೀಕ್ಷೆ ಮಾಡಿಸಿದರೆ ಇಬ್ಬರ ಹೊಟ್ಟೆಯಲ್ಲೂ ಜಂತುಹುಳ, ನನ್ನ ರಕ್ತವಂತೂ ಭಾಳ ಕಡಿಮೆ.

“ನೀವೊಬ್ರ ಅಲ್ಲ ಬಿಡ್ರಿ, ತಾಯಿ ಮಕ್ಕಳು ಕೂಡೇ ದಿನಾ ಬರ್ತಾರ,” ಎಂದರು ಡಾಕ್ಟರಮ್ಮ. “ಮಣ್ಣ ತಿಂದ್ರ ಜಂತ ಆಗ್ತಾವು. ಜಂತ ರಕ್ತ ಹೀರ್ತಾವು. ರಕ್ತ ಕಡಿಮಿ ಆದ್ರ ಮತ್ತ ಮಣ್ಣ ತಿನ್ನಬೇಕನಸ್ತೈತಿ. ರಕ್ತ ಏರಲಿಲ್ಲಂದ್ರ ಕೂಸಿಗೂ ಧೋಕಾ. ತವರಮನಿ ಮಾತ ಬಿಟ್ಟಬಿಡ್ರಿ, ಗದಗಿನ ದೊಡ್ಡ ದವಾಖಾನಿ ಹತ್ರನ ಇರಬೇಕಾಗ್ತೈತಿ.”

ಹುಳ ಇವೆ ಎಂದಾಗ ಆಗದ ನೋವು ಆ ಕೊನೆಯ ಮಾತಿಗೆ ಆಯಿತು. ಒಂದು ಕಡೆ ಕೂಸಿನ ಹೆದರಿಕೆ, ಇನ್ನೊಂದು ಕಡೆ ಅವ್ವನ ಮನೆ ತಪ್ಪಿತೆಂಬ ಸಂಕಟ. ಇಷ್ಟು ದಿನ ತವರಿಗಾಗಿ ಹಂಬಲಿಸಿದ್ದು ನಾನೋ ನನ್ನ ಹೊಟ್ಟೆಯಲ್ಲಿದ್ದ ಹುಳಗಳೋ ಎಂಬ ಅನುಮಾನವೂ ಬಂತು.

ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. “ನನ್ನ ಕೈಲೇನ ಗಂಟ ಕಟ್ಟಿ ಕೊಟ್ನೆಲ್ಲವಾ” ಎಂದು ಅವಳು ಅತ್ತಳು.

“ಅಳಬ್ಯಾಡವಾ. ನೀನೂ ಜಂತಿನ ಗುಳಗಿ ತಗೋಬೇಕಂತ. ಬರಿಗಾಲಿಲೆ ಹೊಲಕ ಹೋಗ್ತೀಯಲ್ಲ.”

“ನನಗ್ಯಾಕ? ನನ್ನ ಹೊಟ್ಟ್ಯಾಗ ಏನ ಸಿಗ್ತೈತಂತ ಬರ್ತಾವು?”

ಆದರೂ ಮರುದಿನ ತಾನೇ ಫೋನು ಮಾಡಿ, ಊರಿನ ಆಶಾ ಕಾರ್ಯಕರ್ತೆಯಿಂದ ಗುಳಿಗೆ ಇಸಿದುಕೊಂಡೆ, ತಿಂದೂಬಿಟ್ಟೆ ಎಂದಳು.

ನಾನೂ ಸುಧಾಳೂ ಗುಳಿಗೆ ತೆಗೆದುಕೊಂಡೆವು. ನಾನು ನುಗ್ಗೆಸೊಪ್ಪಿನ ಪಲ್ಯವನ್ನೂ ಕಬ್ಬಿಣದ ಮಾತ್ರೆಯನ್ನೂ ತವರಿನ ಬಸ್ ಟಿಕೆಟ್ಟು ಎಂದು ತಿಳಿದು ಬಿಡದೆ ತಿಂದೆ. ಬರುಬರುತ್ತ ಮಣ್ಣಿನ ಚಪಲ ಹೋಯಿತು. ಒಂದು ದಿನ ಗಂಟು ಬಿಚ್ಚಿದರೆ ಒಳಗೆ ಬರೀ ಮಣ್ಣಿತ್ತು. ಕೊನೆಗೂ ರಕ್ತ ಏರಿತು. ಇನ್ನು ಗದಗಿನವರೆಗೆ ಹೋಗುವುದು ಬೇಡ, ಆದರೆ ಹೆರಿಗೆ ರೋಣದ ದವಾಖಾನೆಯಲ್ಲೇ ಆಗಬೇಕು, ಅಲ್ಲಿಯವರೆಗೆ ಅವ್ವನ ಮನೆಯಲ್ಲಿ ಇರಬಹುದು ಎಂದು ಡಾಕ್ಟರಮ್ಮ ಒಪ್ಪಿದರು.

ನಾನೂ ಸುಧಾಳೂ ಮುಶಿಗೇರಿ ಮುಟ್ಟಿದ ಕೂಡಲೇ ಅವ್ವ ನನ್ನ ಕೈಹಿಡಿದು ಸೀದಾ ಅಡುಗೆಮನೆಯ ಬಾಗಿಲ ಹಿಂದೆ ಒಯ್ದಳು. ಗೋಡೆಗೆ ನುಣ್ಣಗೆ ಸಿಮೆಂಟ್ ಗಿಲಾವು! “ಅಳ್ಯಾರ ಚೀಲ ಕಳಿಸಿಕೊಟ್ರವಾ. ಇನ್ನ ಯಾರೂ ತಿನ್ನಂಗಿಲ್ಲ ನೋಡ.” ಮೂಗು ಹಚ್ಚಿ ನೋಡಿದೆ. ಗಜೇಂದ್ರಗಡದ ನಮ್ಮ ಮನೆಯ ವಾಸನೆಯೇ ಬಂತು. ತಿನ್ನುವ ಆಸೆ ಖರೇನೇ ಇರಲಿಲ್ಲ, ಆದರೂ ಅಳು ತಡೆಯಲಾಗಲಿಲ್ಲ.

ಅವ್ವ ಗಾಬರಿಯಾದಳು. “ಯಾಕವಾ? ಇನ್ನೂ ಜಂತ ಉಳದಾವೇನ?” ಎನ್ನುತ್ತ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಗುಳಿಗೆ! ತಿಂದೆನೆಂದು ಹೇಳಿ, ಮಗಳಿಗೆ ಬೇಕಾದೀತೆಂದು ಕಟ್ಟಿಟ್ಟುಕೊಂಡಿದ್ದಳು. ನಾನು ಅಳುತ್ತಲೇ ಅದನ್ನು ಅವಳ ಬಾಯಿಗೆ ಹಾಕಿ, ಅಗಿಯುವವರೆಗೂ ಎದುರಿಗೇ ನಿಂತೆ.

ಅವ್ವ ಮುಖ ಹಿಂಡಿಕೊಂಡು ಅಗಿದು, “ಇದಕ್ಕಿಂತ ಗ್ವಾಡಿನ ರುಚಿ ಇತ್ತ ಬಿಡ” ಎಂದಳು.

ಬುದ್ಧಿ ಹೇಳಬೇಕಾದ ನಾನು, ಸುಧಾ ಎಲ್ಲಿದ್ದಾಳೆಂದು ಹಿಂದೆ ತಿರುಗಿ ನೋಡಿ, ಮೆಲ್ಲಗೆ “ಹೌದವಾ” ಎಂದೆ.