ಹೊಳೆ ಬಂದ ಮೇಲೆ ಕಚೇರಿ ಬಂತು

ಸರ್ಕಾರಿ ನೌಕರಿಯಲ್ಲಿ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವೇ ಬಂದು ಮೇಜಿನ ಮೇಲೆ ಕೂರುತ್ತವೆ. ಯುದ್ಧದ ಕಾಲ. ನಾನು ಮಳವಳ್ಳಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಆ ಮಳೆಗಾಲ ಕಾವೇರಿ ಉಕ್ಕಿ, ಮುತ್ತತ್ತಿ ಕಡೆಯ ಒಂದು ಹಳ್ಳಿಗೆ ನುಗ್ಗಿ ಅರ್ಧ ಊರಿನ ಗೋಡೆ ಕೆಡವಿತು. ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ. ಮುಂದೆ ಒಂದು ವರ್ಷ ಆ ಹಳ್ಳಿ ನನ್ನ ಕೊರಳಿಗೆ ಗಂಟುಬಿತ್ತು.

ಅಪ್ಪಣೆ

ನೀರು ಇಳಿಯುವ ಮೊದಲೇ ನಮ್ಮ ಕಚೇರಿಯ ಯಜಮಾನರಾದ ಅಮಲ್ದಾರರೂ ನಾನೂ ಹರಿಗೋಲಿನಲ್ಲಿ ಹೋದೆವು. ಊರವರೆಲ್ಲ ದಿಬ್ಬ ಹತ್ತಿದ್ದರು. ಪಟೇಲರು ಮಾತ್ರ ಚಾವಡಿಯ ಹೆಂಚಿನ ಮೇಲೆ, ಕಾಗದಪತ್ರದ ಗಂಟು ತಬ್ಬಿಕೊಂಡು ಕೂತಿದ್ದರು.

"ಊರವರ ಜೊತೆ ನೀವೂ ಹೋಗೋದಲ್ವೇನ್ರೀ?" ಅಂದರು ಅಮಲ್ದಾರರು.

"ಅಪ್ಪಣೆ ಇಲ್ದೆ ಚಾವಡಿ ಬುಟ್ಟು ಓಗ್ಬಾರ್ದು ಅಂತ ಓದ್ ತಿಂಗ್ಳು ನೀವೇ ಬಯ್ದಿದ್ರಲ್ಲ ಬುದ್ಧಿ. ನಿನ್ನೇನೇ ಅರ್ಜಿ ಬರ್ದಿವ್ನಿ."

"ನನಗೆ ತಲುಪಲೇ ಇಲ್ಲವಲ್ಲ!"

ಪಟೇಲರು ಗಂಟು ಬಿಚ್ಚಿ ಅರ್ಜಿ ತೆಗೆದು ಚಾಚಿದರು. "ತಳವಾರ ಒಳೆ ದಾಟಕ್ಕಾಗ್ನಿಲ್ಲ. ಈಗ ರುಜು ಆಕ್ಬುಡಿ, ಇಳೀತೀನಿ."

ಅಮಲ್ದಾರರು ಹಲ್ಲು ಕಚ್ಚಿಕೊಂಡು, ಓಲಾಡುವ ಹರಿಗೋಲಿನಲ್ಲೇ ರುಜು ಹಾಕಿದರು. ಪಟೇಲರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು:

"ಮೊಹರೆಲ್ಲಿ ಬುದ್ಧಿ?"

ಹೆಂಡತಿಯ ಸೂಜಿ

ನೀರಿಳಿದ ಮೇಲೆ ಕಾಲರಾ ಭಯ. ಡಾಕ್ಟರು ಬಂದು ಡೇರೆ ಹಾಕಿದರು. ಜನ ಸೂಜಿ ಕಂಡು ಹೊಲದ ಕಡೆ ಓಡಿದರು. ಸೂಜಿ ಹಾಕಿಸಿಕೊಂಡವರಿಗೇ ರಾಗಿ ಎಂದು ಅಮಲ್ದಾರರು ಸಾರಿಸಿದ ಮೇಲೆ ಸಾಲು ನಿಂತಿತು.

ಒಬ್ಬ ರೈತ ಚುಚ್ಚಿಸಿಕೊಂಡು ರಾಗಿ ಹೊತ್ತು ಹೋದ. ಸ್ವಲ್ಪ ಹೊತ್ತಿಗೆ ರುಮಾಲು ಬಿಚ್ಚಿಟ್ಟು, ಕಂಬಳಿ ಹೊದ್ದು ಮತ್ತೆ ಬಂದು ಇನ್ನೊಂದು ತೋಳು ಕೊಟ್ಟ. ನನಗೆ ಗುರುತು ಹತ್ತುವಷ್ಟರಲ್ಲಿ ಚುಚ್ಚಿಯಾಗಿತ್ತು.

"ಏನಯ್ಯಾ ಇದು?"

"ಇದು ನನ್ನೆಂಡ್ರುದು ಸ್ವಾಮಿ. ಅವ್ಳಿಗೆ ಸೂಜಿ ಅಂದ್ರೆ ಭಯ."

ಮರುದಿನ ಅವನ ಹೆಂಡತಿ ಡೇರೆಗೇ ನುಗ್ಗಿದಳು. "ನನ್ ಸೂಜೀನ ಅವ್ನಿಗ್ಯಾಕೆ ಚುಚ್ಚುದ್ರಿ? ಎಲ್ಡು ತೋಳೂ ಊದ್ಕಂಡು ಮಲಗವ್ನೆ. ಬಿದ್ದೋಗಿರೋ ಗೋಡೆ ಯಾರ್ ಕಟ್ಟಾರು?"

"ಆಯ್ತಮ್ಮ, ನೀನಾದ್ರೂ ಈಗ ಹಾಕಿಸ್ಕೋ" ಎಂದು ಡಾಕ್ಟರು ಸೂಜಿ ಎತ್ತಿದರು.

"ನಂದು ನಿನ್ನೇನೇ ಆಯ್ತಲ್ಲ!" ಅಂದವಳು ಡೇರೆಯ ಹಗ್ಗ ಎಡವಿಕೊಂಡು ಓಡಿದಳು.

ಬಂಡೆಯ ಮೇಲೆ ನಾನು

ಮುಂದಿನ ಮಳೆಗಾಲಕ್ಕೆ ಮೊದಲೇ ತಯಾರಾಗಬೇಕೆಂದು ಅಮಲ್ದಾರರು ತಾಲೀಮು ಇಟ್ಟರು. ನೋಡಲು ಮಂಡ್ಯದಿಂದ ದೊಡ್ಡ ಸಾಹೇಬರೇ ಬಂದರು. ತಮಟೆ ಬಡಿದರೆ ಊರವರು ದಿಬ್ಬ ಹತ್ತಬೇಕು. ಹೊಳೆಯಲ್ಲಿ ಸಿಕ್ಕಿಕೊಂಡವನನ್ನು ಅಂಬಿಗ ಕರೆತರಬೇಕು. ಸಿಕ್ಕಿಕೊಳ್ಳಲು ಊರಲ್ಲಿ ಒಬ್ಬರೂ ಒಪ್ಪಲಿಲ್ಲ. ಅಮಲ್ದಾರರು ನನ್ನ ಕಡೆ ತಿರುಗಿದರು. ಈಜು ಬಾರದ ನನ್ನನ್ನು ಹೊಳೆ ನಡುವಿನ ಬಂಡೆಯ ಮೇಲೆ ಇಳಿಸಿ ಹೋದರು.

ತಮಟೆ ಬಡಿಯಿತು. ಹರಿಗೋಲು ಬಂತು. ನಾನು ಎದ್ದೆ.

"ಮೊದ್ಲು ಎಂಗುಸ್ರು, ಮಕ್ಳು, ಮುದುಕ್ರು ಅಂತ ಅಪ್ಪಣೆ ಆಗ್ಯದೆ ಸ್ವಾಮಿ" ಅಂದ ಅಂಬಿಗ.

"ಇಲ್ಲಿರೋದು ನಾನೊಬ್ಬನೇ ಕಣಯ್ಯಾ!"

"ಅದ್ಕೇಯ. ಅವ್ರೆಲ್ಲವ್ರೋ ನೋಡ್ಕಬತ್ತೀನಿ. ನೀವು ಕುಂತಿರಿ."

ಹುಟ್ಟು ಹಾಕಿಕೊಂಡು ಹೋಗೇಬಿಟ್ಟ. ಮೇಲೆಲ್ಲೋ ಮಳೆಯಾಗಿತ್ತೋ ಏನೋ, ನೀರು ಏರತೊಡಗಿತು. ಎಡಗಾಲಿನ ಚಪ್ಪಲಿ ತೇಲಿಹೋಯಿತು. ಮುತ್ತತ್ತಿ ಆಂಜನೇಯನಿಗೆ ಮೊದಲು ಹಣ್ಣುಕಾಯಿ ಹರಸಿಕೊಂಡೆ. ನೀರು ಮೊಣಕಾಲಿಗೆ ಬಂದಾಗ ಮುಡಿಯನ್ನೂ ಸೇರಿಸಿದೆ. ಆಚೆ ದಿಬ್ಬದ ಮೇಲೆ ಭಾಷಣ ಮುಗಿದು ಉಪ್ಪಿಟ್ಟು ನಡೆಯುತ್ತಿತ್ತು. ಕೂಗಿದೆ. ಅಲ್ಲಿಂದ ಯಾರೋ ಕೈ ಬೀಸಿದರು.

ಕೊನೆಗೂ ಹರಿಗೋಲು ನೆಟ್ಟಗೆ ನನ್ನ ಕಡೆಗೇ ಬಂತು. ಕಣ್ಣಲ್ಲಿ ನೀರು ತುಂಬಿಕೊಂಡು, ಪಂಚೆ ಎತ್ತಿ ಒಂದು ಕಾಲು ಮುಂದಿಟ್ಟೆ. ಅಂಬಿಗ ಹುಟ್ಟು ಅಡ್ಡ ಹಿಡಿದ.

"ತಡೀರಿ ಸ್ವಾಮಿ. ಪೆನ್ನು ಕೊಡಿ. ಎಲ್ರೂ ಪಾರಾದ್ರು ಅಂತ ದೊಡ್ ಸಾಯೇಬ್ರು ರುಜು ಆಕ್ಬೇಕಂತೆ, ಬ್ಯಾಗ್ನೆ ಓಯ್ತಾವ್ರಂತೆ."

ಕೊಟ್ಟೆ. ಪೆನ್ನು ಮೊದಲು ದಡ ಸೇರಿತು. ನಾನು ಎರಡನೇ ಸರ್ತಿಗೆ.