ಉಸಿರಿಗೆ ಜಾಗವಿಲ್ಲದ ಸುಲಭದ ಹಾಡು

ಯಾವುದಾದರೂ ಕೆಲಸವನ್ನು ಸುಲಭ ಎಂದು ಹೇಳುವವರು ಸಾಮಾನ್ಯವಾಗಿ ಅದನ್ನು ಮಾಡಬೇಕಾದವರಾಗಿರುವುದಿಲ್ಲ. ಈಜು ಬಹಳ ಸುಲಭ ಎಂದು ನನ್ನನ್ನು ಹೊಳೆಗೆ ಇಳಿಸಿದ ಚಿಕ್ಕಪ್ಪ ದಡದ ಮೇಲೆ ಚಪ್ಪಲಿಯನ್ನೂ ಬಿಚ್ಚದೆ ನಿಂತಿದ್ದ. ದೋಸೆ ಎರೆಯುವುದರಲ್ಲಿ ಏನಿದೆ ಎಂದು ಕೇಳುವ ನನ್ನ ಗೆಳತಿಯ ಮನೆಯಲ್ಲಿ ದೋಸೆ ಎರೆಯುವವನು ಅವಳ ಗಂಡ. ಇದೆಲ್ಲ ಗೊತ್ತಿದ್ದೂ ಹೋದ ವರ್ಷ ನಾನು ಮೂವರು ವಿದ್ಯಾರ್ಥಿಗಳ ಕೈಗೆ ಒಂದು ಹಾಡು ಕೊಟ್ಟು, ಸುಲಭದ್ದು ಎಂದೆ. ಪುರಾವೆಯಾಗಿ ಒಂದು ಕೋಷ್ಟಕವನ್ನೂ ಕೊಟ್ಟೆ. ತಪ್ಪು ಮಾಡುವವರು ಬಹಳ, ತಪ್ಪಿಗೆ ಕೋಷ್ಟಕ ಹಾಕಿಕೊಡುವವರು ಕಡಿಮೆ.

ನಾನು ಶಿರಸಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನನ್ನ ಬಗ್ಗೆ ಸ್ಟಾಫ್ ರೂಮಿಗೆ ಗೊತ್ತಿರುವುದು ಎರಡೇ ಸಂಗತಿ: ಚಹಾಕ್ಕೆ ಸಕ್ಕರೆ ಬೇಡ, ಸಂಜೆ ಐದರ ಮೇಲೆ ಫೋನು ಎತ್ತುವುದಿಲ್ಲ. ಗೊತ್ತಿಲ್ಲದ ಸಂಗತಿಯೆಂದರೆ, ಎಂಟು ವರ್ಷಗಳಿಂದ ನಾನು ವೊಕಲಾಯ್ಡ್ ರಾಕ್ ಕೇಳುತ್ತಿದ್ದೇನೆ. ವೊಕಲಾಯ್ಡ್ ಎಂದರೆ ಹಾಡುವ ಕಂಪ್ಯೂಟರು. ಜಪಾನಿನಲ್ಲಿ ಯಾರೋ ಒಬ್ಬ ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಸ್ವರ, ಅಕ್ಷರಗಳನ್ನು ಅದಕ್ಕೆ ತುಂಬುತ್ತಾನೆ. ಅದು ಎಳೆಯ ಹುಡುಗಿಯ ದನಿಯಲ್ಲಿ ಹಾಡುತ್ತದೆ. ಹಿಂದೆ ಗಿಟಾರು, ಡ್ರಮ್ಮುಗಳು ಯಾರ ಮೇಲೋ ಸಿಟ್ಟಿದ್ದಂತೆ ಬಡಿದುಕೊಳ್ಳುತ್ತಿರುತ್ತವೆ. ಹಾಡುವವಳಿಗೆ ಮೈಯಿಲ್ಲ, ನೆಗಡಿಯಿಲ್ಲ, ಮದುವೆ ಯಾವಾಗ ಎಂದು ಕೇಳುವ ಬಳಗವಿಲ್ಲ. ಅವಳು ನನಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಗುಟ್ಟು ಹೊರಬಿದ್ದದ್ದು ಸೆಮಿನಾರ್ ಹಾಲಿನಲ್ಲಿ. ಮಧ್ಯಾಂಕ, ಬಹುಲಕಗಳ ಪಾಠಕ್ಕೆ ಸಿದ್ಧ ಮಾಡಿಕೊಳ್ಳುತ್ತಿದ್ದಾಗ ನನ್ನ ಫೋನು ತಾನಾಗಿಯೇ ಹಾಲಿನ ಸ್ಪೀಕರಿಗೆ ಜೋಡಿಕೊಂಡು ಜಪಾನೀ ಭಾಷೆಯಲ್ಲಿ ಕಿರುಚಿತು. ಜಾಹೀರಾತು ಎಂದೆ. "ಜಾಹೀರಾತಿಗೆ ಯಾರ್ರೀ ಮೇಡಂ ಇಷ್ಟು ಚಂದ ಡ್ರಮ್ ಬಾರಸ್ತಾರ?" ಎಂದ ಬನವಾಸಿಯ ಬಸವರಾಜ. ಎರಡನೆಯ ಬೆಂಚಿನಿಂದ ಮಂಚಿಕೇರಿಯ ಅನನ್ಯಾ ಮೆಲ್ಲಗೆ, "ನಾನೂ ಇದನ್ನೇ ಕೇಳೋದು ಮೇಡಂ" ಎಂದಳು. ನಾನು ಬಹುಲಕದ ವ್ಯಾಖ್ಯೆಯನ್ನು ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಹೇಳಿದೆ.

ಆ ಶನಿವಾರವೇ ಅವರಿಬ್ಬರೂ ಶ್ರೀನಿಧಿ ಎಂಬ ಗಿಟಾರಿನವನನ್ನು ಕರೆದುಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದರು. ಕಾಲೇಜಿನ ಗ್ಯಾದರಿಂಗಿಗೆ, ಎಂದರೆ ವಾರ್ಷಿಕೋತ್ಸವಕ್ಕೆ, ಬ್ಯಾಂಡು ಕಟ್ಟಿದ್ದಾರೆ, ಒಂದು ಹಾಡಿಗೆ ಅವಕಾಶ ಸಿಕ್ಕಿದೆ, ಸುಲಭದ ವೊಕಲಾಯ್ಡ್ ಹಾಡು ನಾನು ಆರಿಸಿಕೊಡಬೇಕು. ಮೂವರಲ್ಲಿ ನಿಜಕ್ಕೂ ಹಸಿವಿದ್ದದ್ದು ಅನನ್ಯಾಳಿಗೆ. ಕಾಲೇಜಿಗೆ ಬಂದಾಗಿನಿಂದ ಪ್ರತಿ ಕಾರ್ಯಕ್ರಮದಲ್ಲೂ ಸ್ವಾಗತ ಗೀತೆ ಅವಳದೇ. ಸ್ವಾಗತ ಗೀತೆ ಎಂದರೆ ಜನ ಕುರ್ಚಿ ಹುಡುಕುವಾಗ, ಮುಖ್ಯ ಅತಿಥಿ ಫೋನು ಮುಗಿಸುವಾಗ, ಮೈಕಿನವನು ಮೈಕು ಸರಿಮಾಡುವಾಗ ಹಾಡುವ ಹಾಡು. "ಕೊನೇ ವರ್ಷ ಮೇಡಂ. ಜನ ಕೂತ ಮೇಲೆ ಒಂದ್ಸಲ ಹಾಡ್ಬೇಕು" ಎಂದಳು. ಇಷ್ಟು ನಿಖರವಾದ ಬೇಡಿಕೆಯನ್ನು ನಾನು ಯಾವ ವಿದ್ಯಾರ್ಥಿಯ ಬಾಯಲ್ಲೂ ಕೇಳಿರಲಿಲ್ಲ.

ನಾಲ್ಕು ದಿನ ಮೂವತ್ತೊಂದು ಹಾಡು ಕೇಳಿ ಕೋಷ್ಟಕ ಮಾಡಿದೆ. ವೇಗ ಎಷ್ಟು, ಗಿಟಾರಿಗೆ ಕಾರ್ಡುಗಳು, ಎಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು, ಎಷ್ಟು, ತೋರುಬೆರಳಿನಿಂದ ಆರೂ ತಂತಿ ಒತ್ತುವ ಕಷ್ಟದ ಕಾರ್ಡು ಇದೆಯೇ, ಡ್ರಮ್ಮಿನವನಿಗೆ ಒಂದೇ ನಡೆ ಸಾಕೇ, ನಡುವೆ ಗಿಟಾರಿನವನು ಒಬ್ಬನೇ ಮೆರೆಯುವ ಜಾಗವನ್ನು ಹಾರಿಸಬಹುದೇ. ಪ್ರತಿಯೊಂದಕ್ಕೂ ಐದರಲ್ಲಿ ಅಂಕ. ಏಳನೆಯ ಹಾಡು ಎಲ್ಲದರಲ್ಲೂ ಗೆದ್ದಿತು: ನಾಲ್ಕೇ ಕಾರ್ಡು, ಒಂದೇ ತಾಳ, ಮಧ್ಯಮ ವೇಗ. ಡ್ರಮ್ ಬಾರಿಸುವ ಬಸವರಾಜನಿಗೆ ಆ ವೇಗವೇ ಅವಮಾನವಾಯಿತು. "ಇದು ಡೊಳ್ಳಿನವ್ರು ಚಾ ಕುಡ್ಯಾಕ ಹೋಗೋ ಸ್ಪೀಡ್ ಐತ್ರಿ" ಎಂದ. ಶ್ರೀನಿಧಿ ಮಾತ್ರ ಹತ್ತು ದಿನದಲ್ಲಿ ನಾಲ್ಕೂ ಕಾರ್ಡು ಕಲಿತ, ಅದೂ ಅದೇ ಕ್ರಮದಲ್ಲಿ. ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಅನನ್ಯಾ ಜಪಾನೀ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದಳು. ಸ್ವಾಗತ ಗೀತೆಗಳ ಅರ್ಥವೂ ಯಾರಿಗೂ ಆಗುತ್ತಿರಲಿಲ್ಲವಾದ್ದರಿಂದ ಭಾಷೆಯ ತೊಂದರೆ ಬರಲಿಲ್ಲ.

ತೊಂದರೆ ಬಂದದ್ದು ಮೂವರೂ ಒಟ್ಟಿಗೆ ನುಡಿಸಿದ ದಿನ. ಎರಡನೆಯ ಚರಣದ ನಡುವೆ ಅನನ್ಯಾಳ ದನಿ ಸಣ್ಣಗಾಗಿ, ಕಣ್ಣು ದೊಡ್ಡದಾಗಿ, ಕೈ ಮೇಜು ಹುಡುಕಿತು. "ಮೇಡಂ, ಇದ್ರಲ್ಲಿ ಉಸಿರು ಎಲ್ಲಿ ತಗಳೋದು?" ಹಾಳೆ ನೋಡಿದೆ. ಎಲ್ಲೂ ಇರಲಿಲ್ಲ. ಯಂತ್ರಕ್ಕೆ ಶ್ವಾಸಕೋಶವಿಲ್ಲ, ಹಾಗಾಗಿ ಹಾಡು ಬರೆದ ಪುಣ್ಯಾತ್ಮ ಬಿಡುವೇ ಇಟ್ಟಿರಲಿಲ್ಲ. ನನ್ನ ಕೋಷ್ಟಕದಲ್ಲಿ ಗಿಟಾರಿನವನ ಬೆರಳಿಗೊಂದು ಅಂಕಣವಿತ್ತು, ಹುಡುಗಿಯ ಉಸಿರಿಗೆ ಇರಲಿಲ್ಲ. ಎಂಟು ವರ್ಷದಲ್ಲಿ ಒಂದು ದಿನವೂ ನಾನು ಬಾಯಿ ಬಿಟ್ಟು ಹಾಡಿ ನೋಡಿದವಳಲ್ಲ.

ಹಾಡು ಬದಲಿಸಲು ಶ್ರೀನಿಧಿಯ ಬೆರಳುಗಳು ಒಪ್ಪಲಿಲ್ಲ. ಅವನು ತನ್ನದೇ ಪರಿಹಾರ ಹೇಳಿದ: ಮೂಲ ಹಾಡಿನ ದನಿಯನ್ನು ಲ್ಯಾಪ್‌ಟಾಪಿನಿಂದ ಬಿಡೋಣ, ಅನನ್ಯಾ ಸುಮ್ಮನೆ ತುಟಿ ಅಲ್ಲಾಡಿಸಲಿ. "ಬೇಕಾರ ಕೈಯಾಗ ಒಂದು ತಾಳ ಕೊಡೋಣ್ರಿ" ಎಂದು ಬಸವರಾಜ ಔದಾರ್ಯ ತೋರಿದ. ಅನನ್ಯಾ ಹಾಳೆ ಮಡಚತೊಡಗಿದಳು. ಅದು ಬೆಂಕಿಪೊಟ್ಟಣದಷ್ಟಾಗುವವರೆಗೂ ಮಡಚಿದಳು. ನಾನು, ಎರಡು ದಿನ ಕೊಡಿ ಎಂದೆ.

ಆ ಎರಡು ದಿನ ನನ್ನ ಬಾಡಿಗೆ ಮನೆಯಲ್ಲಿ ಹೇರೂರಿನ ದೊಡ್ಡಮ್ಮ ಇದ್ದಳು, ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಬಂದವಳು. ಅವಳ ಕಡೆ ಮದುವೆಗಳಿಗೆ ಪುರೋಹಿತರಿಗಿಂತ ಮೊದಲು ದೊಡ್ಡಮ್ಮನ ಬಿಡುವು ಕೇಳುತ್ತಾರೆ. ಎಣ್ಣೆ ಹಚ್ಚುವುದರಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ಪ್ರತಿ ಶಾಸ್ತ್ರಕ್ಕೂ ಹೆಂಗಸರು ಹೇಳುವ ಹಾಡು ಅವಳಿಗೆ ಗೊತ್ತು. ನಾನು ಪೆನ್ಸಿಲು ಹಿಡಿದು ಉಸಿರಿನ ಜಾಗ ಹುಡುಕುತ್ತಿದ್ದಾಗ ಹಾಡು ಅವಳ ಕಿವಿಗೂ ಬಿತ್ತು.

"ಎಂತದೇ ಇದು? ಒಂದ್ ಸಲನೂ ಉಸ್ರು ತಗತ್ತಿಲ್ಲೆ!"

"ಯಂತ್ರ ಹೇಳ್ತಾ ಇದ್ದು ದೊಡ್ಡಮ್ಮ. ಇದನ್ನ ಒಂದು ಕೂಸು ಹಾಡವು. ಅದ್ಕೆ ಉಸ್ರು ಸಾಕಾಗ್ತಿಲ್ಲೆ." ನಮ್ಮ ಮನೆಮಾತಿನಲ್ಲಿ ಕೂಸು ಎಂದರೆ ಹುಡುಗಿ, ಹಾಡವು ಎಂದರೆ ಹಾಡಬೇಕು.

"ಒಂದೇ ಕೂಸು ಎಂತಕ್ಕೆ ಹಾಡವು?" ದೊಡ್ಡಮ್ಮ ಹಲ್ಲಿನ ಸೆಟ್ಟು ತೆಗೆದು ಲೋಟದಲ್ಲಿಟ್ಟಳು, ಗಂಭೀರವಾದ ಮಾತಿಗೆ ಅದು ಅಡ್ಡಿ. "ಮದ್ವೆ ಮನೇಲಿ ಆನು ಒಬ್ಬಳೇ ಹೇಳ್ತ್ನನೇ? ಪಕ್ಕದಲ್ಲಿ ಇನ್ನೊಬ್ಳು ಇರ್ತು. ನನ್ನ ಉಸ್ರು ಮುಗಿಯಕ್ಕಿಂತ ಮೊದ್ಲೇ ಅದು ಎತ್ಗತ್ತು, ಅದ್ರದ್ದು ಮುಗಿಯ ಹೊತ್ತಿಗೆ ಆನು. ಕೇಳವ್ಕೆ ಒಂದೇ ಗಂಟ್ಲು. ಇಷ್ಟು ಓದಿದ್ದೆ, ಇದು ಗೊತ್ತಿಲ್ಯನೇ ನಿಂಗೆ?"

ಗೊತ್ತಿರಲಿಲ್ಲ. ಎಷ್ಟೋ ಮದುವೆಗಳಲ್ಲಿ ಆ ಹಾಡುಗಳ ನಡುವೆಯೇ ಕೂತು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿದ್ದೆ.

ಉಪಾಯ ಎಲ್ಲರಿಗೂ ಹಿಡಿಸಿತು. ಆದರೆ ಗ್ಯಾದರಿಂಗಿಗೆ ಉಳಿದ ಐದು ದಿನದಲ್ಲಿ ಜಪಾನೀ ಹಾಡು ಕಲಿಯುವ ಇನ್ನೊಬ್ಬಳು ಯಾರು? ಅನನ್ಯಾ ನನ್ನನ್ನೇ ನೋಡಿದಳು. "ನಿಮಗೆ ಪೂರ್ತಿ ಬರ್ತದೆ ಮೇಡಂ. ನಾ ಹಾಡುವಾಗ ನಿಮ್ಮ ತುಟಿ ಅಲ್ಲಾಡ್ತಿತ್ತು." ಅಲ್ಲಗಳೆಯಲು ಪುರಾವೆ ಇರಲಿಲ್ಲ. ನನ್ನ ಷರತ್ತುಗಳನ್ನು ಹೇಳಿದೆ: ಇನ್ನೊಂದು ಮೈಕು ಹಿಡಿದು ಪರದೆಯ ಹಿಂದೆ ನಿಲ್ಲುತ್ತೇನೆ, ನನ್ನ ಹೆಸರು ಹೇಳಕೂಡದು, ನಾಲ್ಕು ಜಾಗದಲ್ಲಿ ಮಾತ್ರ, ಜಾಗಕ್ಕೆ ಹನ್ನೊಂದೇ ಅಕ್ಷರ. ಹಾಳೆಯಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿದೆ. ಅವಳ ಹಾಡಿಗೆ ನಾನು ಉಸಿರಿನ ಜಾಗ ತುಂಬುವವಳು, ಅಷ್ಟೇ.

ಗ್ಯಾದರಿಂಗಿನ ದಿನ ಮಧ್ಯಾಹ್ನ ಜನ ಉಂಡು ಬಂದು ಕೂತಿದ್ದರು. ನಿಜವಾಗಿ ಕೂತಿದ್ದರು, ಪರದೆಯ ಸಂದಿಯಿಂದ ನಾನೇ ನೋಡಿದೆ. ಶ್ರೀನಿಧಿಯ ನಾಲ್ಕು ಕಾರ್ಡು ಕ್ರಮವಾಗಿ ಬಂದವು. ಮೊದಲ ಜಾಗದಲ್ಲಿ ಅನನ್ಯಾ ಬಿಟ್ಟಳು, ನಾನು ಎತ್ತಿಕೊಂಡೆ, ಹನ್ನೊಂದು ಅಕ್ಷರ ಮುಗಿಸಿ ಕೊಟ್ಟೆ. ಎರಡನೆಯದು, ಮೂರನೆಯದು ಕೂಡ ಹಾಗೆಯೇ. ದೊಡ್ಡಮ್ಮ ಹೇಳಿದಂತೆ ಒಂದೇ ಗಂಟಲು.

ನಾಲ್ಕನೆಯ ಜಾಗದಲ್ಲಿ ಎತ್ತಿಕೊಂಡವಳು ಕೊಡಲಿಲ್ಲ.

ಅಷ್ಟು ದೊಡ್ಡ ಸ್ಪೀಕರಿನಲ್ಲಿ ನನ್ನ ದನಿ ಕೇಳಿ ನನಗೇ ಗುರುತು ಸಿಗಲಿಲ್ಲ; ಯಾರೋ ಚೆನ್ನಾಗಿ ಹಾಡುತ್ತಿದ್ದಾರೆ, ನಡುವೆ ಬಾಯಿ ಹಾಕುವುದು ಬೇಡ ಎನಿಸಿರಬೇಕು. ಹನ್ನೊಂದು ದಾಟಿತು, ಚರಣ ಮುಗಿಯಿತು, ಪಲ್ಲವಿಗೂ ಹೊರಟೆ. ಆಮೇಲೆ ಯಾರೋ ತೋರಿಸಿದ ವಿಡಿಯೋದಲ್ಲಿ ಕಂಡಂತೆ, ಆ ಹೊತ್ತಿಗೆ ನಾನು ಪರದೆಯ ಹಿಂದೆ ಇರಲಿಲ್ಲ. ವೇದಿಕೆಯ ನಡುವೆ ಕಣ್ಣು ಮುಚ್ಚಿ ನಿಂತಿದ್ದೆ. ಪಕ್ಕದಲ್ಲಿ ಅನನ್ಯಾ ಮೈಕು ಇಳಿಸಿಕೊಂಡು, ನಿಲ್ಲದೆ ಹೋದ ಬಸ್ಸನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದಳು. ಯಂತ್ರ ಕಸಿಯಲಿದ್ದ ಅವಳ ಜಾಗವನ್ನು ನಾನು ಕಾಪಾಡಿ, ನಾನೇ ಕಸಿದುಕೊಂಡಿದ್ದೆ.

ಅವಳು ಕಾಯಲಿಲ್ಲ. ನನ್ನ ಪಲ್ಲವಿಯ ಎರಡನೆಯ ಸಾಲಿನ ಮೇಲೆಯೇ ಮೊದಲ ಸಾಲನ್ನು ಒಂದು ಸ್ಥಾಯಿ ಮೇಲೆ ಎತ್ತಿದಳು. ನನ್ನ ಬಾಯಿ ಮುಚ್ಚಿತು. ಶ್ರೀನಿಧಿ ಕಾರ್ಡು ತಪ್ಪಿ ಮೊದಲಿನಿಂದ ಶುರು ಮಾಡಿದ. ಅದೃಷ್ಟಕ್ಕೆ ಅದು ಅವಳಿಗೆ ಸರಿಹೊಂದಿತು. ನಡುವೆ ಎರಡು ಸಲ ಹಾಲಿನ ಕೊನೆಯ ಸಾಲಿಗೂ ಕೇಳಿಸುವಂತೆ ಉಸಿರು ಎಳೆದುಕೊಂಡಳು. ಆಕಾಶ ಕಳಚಿ ಬೀಳಲಿಲ್ಲ. ಮುಗಿಸಿದಾಗ ಕೂತವರೆಲ್ಲ ಕೂತೇ ಇದ್ದರು, ಒಬ್ಬರೂ ಕುರ್ಚಿ ಹುಡುಕುತ್ತಿರಲಿಲ್ಲ. ಚಪ್ಪಾಳೆ ಅವಳದು ಎಂಬುದರಲ್ಲಿ ಅನುಮಾನವಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಾನು ಮತ್ತೆ ಪರದೆಯ ಹಿಂದೆ ಸೇರಿದ್ದೆ.

ವೇದಿಕೆ ಖಾಲಿಯಾದ ಮೇಲೆ ಕ್ಷಮೆ ಕೇಳಲು ಹೋದೆ. ಅನನ್ಯಾ ಮೈಕಿನ ವಯರು ಸುತ್ತುತ್ತಿದ್ದಳು. ಹನ್ನೊಂದೇ ಅಕ್ಷರ ಎಂದು ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೆ, ಏನಾಯಿತೋ ಗೊತ್ತಿಲ್ಲ ಎಂದೆ. ಅವಳ ಆಂತರಿಕ ಅಂಕ ಹಾಕುವುದು ನನ್ನ ಕೈಯಲ್ಲಿ ಇನ್ನೂ ಬಾಕಿಯಿತ್ತು. ಅದನ್ನು ಅವಳು ಲೆಕ್ಕಕ್ಕೆ ಹಿಡಿದಂತೆ ಕಾಣಲಿಲ್ಲ.

"ಪರ್ವಾಗಿಲ್ಲ ಮೇಡಂ" ಎಂದಳು. "ಆದ್ರೂ ನಿಮಗಿಂತ ಆ ಯಂತ್ರನೇ ವಾಸಿ ಆಗಿತ್ತು. ಅದನ್ನಾದ್ರೆ ಬಂದ್ ಮಾಡ್ಬಹುದಿತ್ತು."